ಬೃಹತ್ ಸೌರಜ್ವಾಲೆಗಳು: ಎಕ್ಸ್-ಕಿರಣ ಅಂಕಿಅಂಶ

ಸೌರಕಲೆಗಳ ಮೇಲೆ ತಿರುಚಿಕೊಂಡ ಕಾಂತಕ್ಷೇತ್ರದ ಶಕ್ತಿ ಥಟ್ಟನೆ ಬಿಡುಗಡೆಯಾಗಿ, ಸೂರ್ಯನ ಹೊರ ವಾತಾವರಣವಾದ ಕರೋನದ ಅನಿಲವನ್ನು ಕೋಟಿ ಡಿಗ್ರಿಗೂ ಮೇಲೆ ಕಾಯಿಸುವ ಸ್ಫೋಟವೇ ಸೌರಜ್ವಾಲೆ. ಅಮೆರಿಕದ ಗೋಸ್ ಉಪಗ್ರಹಗಳು 1970ರ ದಶಕದಿಂದ 0.1–0.8 ನ್ಯಾನೊಮೀಟರ್ ಅಲೆಯುದ್ದದಲ್ಲಿ ಇವುಗಳ ಎಕ್ಸ್-ಕಿರಣವನ್ನು ಅಳೆಯುತ್ತ ಬಂದಿವೆ. ಗರಿಷ್ಠ ತೀವ್ರತೆಯನ್ನು ಆಧರಿಸಿದ ವರ್ಗಗಳು ಎ, ಬಿ, ಸಿ, ಎಂ, ಎಕ್ಸ್. ಒಂದಕ್ಕಿಂತ ಮುಂದಿನದು ಹತ್ತು ಪಟ್ಟು. ಭೂಮಿಯ ಬಳಿ ಚದರ ಮೀಟರಿಗೆ 0.0001 ವ್ಯಾಟ್ ಮುಟ್ಟಿದರೆ ಅದು ಎಕ್ಸ್1.

ಜ್ವಾಲೆಗಳಿಗೆ 'ಸಾಮಾನ್ಯ ಗಾತ್ರ' ಎಂಬುದೇ ಇಲ್ಲ. ಅವುಗಳ ಸಂಖ್ಯೆ ಘಾತ ನಿಯಮಕ್ಕೆ ಒಳಪಟ್ಟಿದೆ. ಗರಿಷ್ಠ ತೀವ್ರತೆಯ ಹಂಚಿಕೆಯಲ್ಲಿ ಘಾತಾಂಕ ಸುಮಾರು 2. ಅಂದರೆ ಹತ್ತು ಪಟ್ಟು ಪ್ರಬಲವಾದವು ಹತ್ತರಲ್ಲೊಂದು ಪಾಲು. ಒಂದು ಸೌರಚಕ್ರದಲ್ಲಿ ಎಂ1 ದಾಟುವವು ಸುಮಾರು 2000, ಎಕ್ಸ್1 ದಾಟುವವು 175 ಎಂಬ ಅಮೆರಿಕದ ನೋವಾ ಸಂಸ್ಥೆಯ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಎಕ್ಸ್10 ದಾಟುವವು ಅದೇ ಲೆಕ್ಕದಲ್ಲಿ ಬರೀ 8. ನಿಯಮದಂತೆ 17 ಇರಬೇಕಿತ್ತು. ಇಷ್ಟು ಕಡಿಮೆ ಘಟನೆಗಳಿಂದ ಸೂರ್ಯನ ಶಕ್ತಿಗೆ ಮೇಲ್ಮಿತಿ ಸಿಕ್ಕಿತೆಂದು ಹೇಳುವುದು ಆತುರವಾಗುತ್ತದೆ.

ಈ ಘಾತ ನಿಯಮಕ್ಕೆ ವಿಜ್ಞಾನಿಗಳಾದ ಲು ಮತ್ತು ಹ್ಯಾಮಿಲ್ಟನ್ 1991ರಲ್ಲಿ ಕೊಟ್ಟ ವಿವರಣೆ ಮರಳಿನ ಗುಡ್ಡೆಯ ಮಾದರಿಯದು: ಕಾಂತಕ್ಷೇತ್ರ ಸದಾ ಕುಸಿತದ ಅಂಚಿನಲ್ಲಿರುತ್ತದೆ, ಒಂದು ಸಣ್ಣ ಕುಸಿತ ಎಷ್ಟು ದೂರ ಹಬ್ಬುತ್ತದೋ ಅಷ್ಟು ದೊಡ್ಡ ಜ್ವಾಲೆ. ಹೀಗಾದರೆ ಮಹಾಜ್ವಾಲೆಗೆ ಬೇರೆ ಕಾರಣ ಹುಡುಕಬೇಕಿಲ್ಲ. ಈ ವಿಷಯದ ಅತ್ಯಂತ ಆಳವಾದ ಹೊಳಹು ಇದೇ.

ಕಾಲದಲ್ಲಿ ದೊಡ್ಡ ಜ್ವಾಲೆಗಳು ಸಮನಾಗಿ ಹರಡಿಲ್ಲ. 2006ರ ಡಿಸೆಂಬರ್ 14ರ ನಂತರ 2011ರ ಫೆಬ್ರವರಿ 15ರವರೆಗೆ ಒಂದೂ ಎಕ್ಸ್ ಜ್ವಾಲೆ ಕಾಣಲಿಲ್ಲ. 2014ರ ಅಕ್ಟೋಬರಿನಲ್ಲಿ 12192 ಎಂಬ ಒಂದೇ ಕಲೆಗುಂಪು ಆರನ್ನು ಚಿಮ್ಮಿಸಿತು.

ಅಳತೆಯಲ್ಲಿ ಅನುಮಾನ ಹೆಚ್ಚಿರುವುದೂ ದೊಡ್ಡ ಜ್ವಾಲೆಗಳಲ್ಲೇ. 2003ರ ನವೆಂಬರ್ 4ರಂದು ಗೋಸ್ ಸಂವೇದಕ ಸುಮಾರು ಎಕ್ಸ್17ರಲ್ಲೇ ತುಂಬಿಹೋಯಿತು. ಆ ಜ್ವಾಲೆಯನ್ನು ಮೊದಲು ಎಕ್ಸ್28 ಎಂದು ಅಂದಾಜಿಸಿದರು. ಅಯಾನುಗೋಳದ ಮೇಲಾದ ಪರಿಣಾಮವನ್ನು ನೋಡಿದವರು ಎಕ್ಸ್45 ಎಂದರು. ಗೋಸ್‌ನ ಹಳೆಯ ಮಾಹಿತಿಯಲ್ಲಿ ಅಳತೆಯನ್ನು ಕುಗ್ಗಿಸುತ್ತಿದ್ದ 0.7ರ ಗುಣಕವನ್ನು ಈಚೆಗೆ ತೆಗೆದುಹಾಕಿದ್ದರಿಂದ 2017ರ ಸೆಪ್ಟೆಂಬರ್ 6ರ ಎಕ್ಸ್9.3 ಜ್ವಾಲೆ ಎಕ್ಸ್13.3 ಆಗಿದೆ. ಹಳೆಯ, ಹೊಸ ಪಟ್ಟಿಗಳನ್ನು ಬೆರೆಸಿ ಎಣಿಸಿದರೆ ಲೆಕ್ಕ ತಪ್ಪುತ್ತದೆ.

ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ನಿರ್ಮಿಸಿದ ಸೋಲೆಕ್ಸ್ ಮತ್ತು ಹೀಲಿಯೋಸ್ ಉಪಕರಣಗಳು ಭಾರತದ ಆದಿತ್ಯ-ಎಲ್1 ನೌಕೆಯಿಂದ ಈ ಜ್ವಾಲೆಗಳ ಎಕ್ಸ್-ಕಿರಣವನ್ನು ಅಳೆಯುತ್ತಿವೆ.