ಒಂದು ಊಟ, ಅಡಗಲೊಂದು ಜಾಗ

1980ರಲ್ಲಿ ಬಂದ ‘ಬ್ಯಾಟಲ್ ಬಿಯಾಂಡ್ ದ ಸ್ಟಾರ್ಸ್’ ಸಿನಿಮಾದಲ್ಲಿ ಗೆಲ್ಟ್ ಎಂಬ ಬಾಡಿಗೆ ಕೊಲೆಗಾರನಿದ್ದಾನೆ. ಅವನಿಗೆ ಹಣಕ್ಕೆ ಬರವಿಲ್ಲ; ಆದರೆ ಇಡೀ ಬ್ರಹ್ಮಾಂಡದಲ್ಲಿ ನಿಶ್ಚಿಂತೆಯಿಂದ ತಲೆಯಿಡುವ ಜಾಗವಿಲ್ಲ. ಸಾಡೋರ್ ಎಂಬ ಕ್ರೂರಿಯ ಬೆದರಿಕೆಗೆ ಸಿಕ್ಕ ಶಾಂತಿಪ್ರಿಯ ಗ್ರಹವೊಂದರ ಪರವಾಗಿ ಕಾದಾಡಲು ಅವನು ಕೇಳುವ ಕೂಲಿ ಇಷ್ಟೇ: ಒಂದು ಊಟ, ಅಡಗಿಕೊಳ್ಳಲೊಂದು ಜಾಗ.

ರೋಜರ್ ಕಾರ್ಮನ್ ನಿರ್ಮಿಸಿ, ಜಿಮ್ಮಿ ಮುರಕಾಮಿ ನಿರ್ದೇಶಿಸಿದ ಈ ಚಿತ್ರ, ‘ಸ್ಟಾರ್ ವಾರ್ಸ್’ (1977) ಗೆದ್ದ ಮೇಲೆ ಗಾಳಿ ಬಂದಾಗ ತೂರಿಕೊಂಡದ್ದು ನಿಜ. ಆದರೆ ಕಥೆಯ ಬೇರಿರುವುದು ಜಪಾನಿನಲ್ಲಿ. ಗ್ರಹದ ಹೆಸರು ಅಕಿರ್, ಅಲ್ಲಿನ ಜನ ಅಕಿರಾ. ಅದು ಅಕಿರಾ ಕುರೋಸಾವನಿಗೆ ಸಲ್ಲಿಸಿದ ನಮಸ್ಕಾರ.

ಕುರೋಸಾವನ ‘ಸೆವೆನ್ ಸಮುರಾಯ್’ (1954) ಹದಿನಾರನೆಯ ಶತಮಾನದ ಕಥೆ. ಬೆಳೆ ಕೈಗೆ ಬರುವ ಹೊತ್ತಿಗೆ ದೋಚಲು ಬರುವ ಡಕಾಯಿತರನ್ನು ಎದುರಿಸಲು ಬಡ ರೈತರು ಏಳು ಯೋಧರನ್ನು ಕರೆತರುತ್ತಾರೆ. ಕೊಡಲು ಅವರಲ್ಲಿರುವುದು ಅನ್ನ ಮಾತ್ರ. ಯೋಧರಿಗೆ ಅನ್ನ ಬಡಿಸಿ, ತಾವು ಕಿರುಧಾನ್ಯ ತಿಂದು ದಿನ ದೂಡುತ್ತಾರೆ.

1960ರಲ್ಲಿ ‘ದ ಮ್ಯಾಗ್ನಿಫಿಸೆಂಟ್ ಸೆವೆನ್’ ಇದೇ ಕಥೆಯನ್ನು ಮೆಕ್ಸಿಕೋದ ಹಳ್ಳಿಗೆ ಒಯ್ದಿತು. ಅಲ್ಲಿ ಕೂಲಿ ತಲೆಗೆ 20 ಡಾಲರ್. ಆ ಏಳು ಜನರಲ್ಲಿ ಒಳಗೊಳಗೇ ಅಂಜುವ ಬಂದೂಕುಗಾರನಾಗಿದ್ದ ರಾಬರ್ಟ್ ವಾನ್, ಇಪ್ಪತ್ತು ವರ್ಷಗಳ ನಂತರ ಗೆಲ್ಟ್ ಆದ. ನಡುವೆ 1975ರ ‘ಶೋಲೆ’ಯಲ್ಲೂ ಈ ಕಥೆಯ ನೆರಳು ಬಿತ್ತು, ಅದರ ರಾಮಗಢ ಎದ್ದು ನಿಂತದ್ದು ನಮ್ಮ ರಾಮನಗರದ ಬಂಡೆಗಳ ನಡುವೆ.

ಊರು ಬದಲಾದರೂ ಪ್ರಶ್ನೆ ಒಂದೇ: ಹಿಂಸೆಯನ್ನು ಕೂಲಿಗೆ ತಂದ ಮೇಲೆ ಶಾಂತಿಪ್ರಿಯರು ಶಾಂತಿಪ್ರಿಯರಾಗಿಯೇ ಉಳಿಯುತ್ತಾರೆಯೇ? ಅಂತರಿಕ್ಷದ ಚಿತ್ರ ಅಕಿರಾಗಳನ್ನು ಮುಗ್ಧರನ್ನಾಗಿಸಿ ಈ ಪ್ರಶ್ನೆಯನ್ನು ಹಗುರ ಮಾಡಿಕೊಳ್ಳುತ್ತದೆ. ಕುರೋಸಾವ ಹಾಗೆ ಬಿಡುವುದಿಲ್ಲ. ಸೋತು ಓಡಿಬಂದ ಸಮುರಾಯ್‌ಗಳನ್ನು ಕೊಂದು ರೈತರು ಬಚ್ಚಿಟ್ಟಿದ್ದ ಆಯುಧಗಳು ಹೊರಬೀಳುತ್ತವೆ. ಯೋಧರು ಕುದಿಯುತ್ತಾರೆ. ರೈತನ ಮಗನಾಗಿ ಹುಟ್ಟಿದ ಕಿಕುಚಿಯೊ ಮಾತ್ರ ತಿರುಗಿಬೀಳುತ್ತಾನೆ: ಊರು ಸುಟ್ಟು, ಬೆಳೆ ಕಿತ್ತುಕೊಂಡು ಇವರನ್ನು ಹೀಗೆ ಮಾಡಿದವರು ನೀವೇ ಅಲ್ಲವೇ?

ಕೊನೆಯಲ್ಲಿ ಗುಡ್ಡದ ಮೇಲೆ ನಾಲ್ಕು ಸಮಾಧಿಗಳು. ಕೆಳಗೆ ಹಾಡಿನೊಂದಿಗೆ ನಾಟಿ. ಉಳಿದ ಮೂವರು ಯೋಧರಿಗೆ ಆ ಗದ್ದೆಯಲ್ಲಿ ಜಾಗವಿಲ್ಲ. ಅಕಿರ್‌ನ ಯುದ್ಧದಲ್ಲಿ ಗೆಲ್ಟ್ ಕೂಡ ಸಾಯುತ್ತಾನೆ. ಕಾದಾಡಲು ಬಂದವನಿಗೆ ಊರು ಊಟ ಕೊಡಬಲ್ಲದು. ಜಾಗ ಸಿಗುವುದು ಸತ್ತ ಮೇಲೆಯೇ.