ಇಟ್ಟಾ ಬೇನಾದ ದಾಖಲೆಗೆ ಬೆಲೆ ಎಷ್ಟು?

ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರ ಚೆಂಡನ್ನು ಮುಂದಕ್ಕೆ ಎಸೆಯುತ್ತಾನೆ. ಎದುರಾಳಿಗಳನ್ನು ತಪ್ಪಿಸಿಕೊಂಡು ಓಡಿ ಅದನ್ನು ಹಿಡಿಯುವವನು ರಿಸೀವರ್. ಎಷ್ಟು ಹಿಡಿದ, ಎಷ್ಟು ಗಜ ಸಾಗಿದ, ಎಷ್ಟು ಸಲ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ... ಎಲ್ಲದಕ್ಕೂ ಲೆಕ್ಕ ಇದೆ. ಈ ಲೆಕ್ಕವನ್ನು ಎಷ್ಟರಮಟ್ಟಿಗೆ ನಂಬಬೇಕು? ಜೆರ್ರಿ ರೈಸ್‌ನ ಕಾಲೇಜು ದಿನಗಳ ಬಗ್ಗೆ ಓದಿದಾಗಲೆಲ್ಲ ನನಗೆ ಇದೇ ಪ್ರಶ್ನೆ.

ರೈಸ್ ಹುಟ್ಟಿದ್ದು ಮಿಸಿಸಿಪ್ಪಿ ರಾಜ್ಯದಲ್ಲಿ, 1962ರ ಅಕ್ಟೋಬರ್‌ನಲ್ಲಿ. ಅದೇ ತಿಂಗಳ 1ನೇ ತಾರೀಕು ಜೇಮ್ಸ್ ಮೆರೆಡಿತ್ ಎಂಬ ಕಪ್ಪು ವಿದ್ಯಾರ್ಥಿ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಸೇರಿದ್ದರು. ಅವರೊಬ್ಬರನ್ನು ಸೇರಿಸಲು ಸೈನ್ಯವೇ ಬರಬೇಕಾಯಿತು, ಗಲಭೆಯಲ್ಲಿ ಇಬ್ಬರು ಸತ್ತರು. ಕಪ್ಪು ಜನರಿಗೆ ಅಂತಲೇ ಆ ರಾಜ್ಯದಲ್ಲಿ ಬೇರೆ ಕಾಲೇಜುಗಳಿದ್ದವು. ಇಟ್ಟಾ ಬೇನಾ ಎಂಬ ಪುಟ್ಟ ಊರಿನಲ್ಲಿ 1950ರಲ್ಲಿ ಬಾಗಿಲು ತೆರೆದ ಈಗಿನ ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಯೂನಿವರ್ಸಿಟಿ ಅಂಥದ್ದೊಂದು.

ರೈಸ್‌ನ ಅಪ್ಪ ಗಾರೆ ಕೆಲಸದವರು. ಅಣ್ಣತಮ್ಮಂದಿರು ಎಸೆದ ಇಟ್ಟಿಗೆಗಳನ್ನು ಹಿಡಿಯುವುದು ಹುಡುಗನ ಕೆಲಸ. ಹೈಸ್ಕೂಲು ಮುಗಿದಾಗ ದೊಡ್ಡ ವಿಶ್ವವಿದ್ಯಾಲಯಗಳು ಯಾವುವೂ ಕರೆಯಲಿಲ್ಲ. ಕಾನೂನು ಬದಲಾಗಿ ವರ್ಷಗಳೇ ಆಗಿದ್ದರೂ ಹಳ್ಳಿಯ ಶಾಲೆಯ ಕಡೆ ಅವರ ಕಣ್ಣು ಹೋಗಿರಲಿಲ್ಲ. ಹಾಗಾಗಿ 1981ರಲ್ಲಿ ಅವನು ಸೇರಿದ್ದು ಇಟ್ಟಾ ಬೇನಾಗೆ.

ಅಲ್ಲಿನ ಕೋಚ್ ಆರ್ಚಿ ಕೂಲಿ. ಆಗ ಎಷ್ಟೋ ತಂಡಗಳು ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದನ್ನೇ ನೆಚ್ಚಿಕೊಂಡಿದ್ದರೆ, ಇವರು ಎಸೆಯುವುದನ್ನೇ ನೆಚ್ಚಿಕೊಂಡರು. ಹಲವು ರಿಸೀವರ್‌ಗಳನ್ನು ಒಂದೇ ಬದಿಯಲ್ಲಿ ನಿಲ್ಲಿಸಿದರು. ಪ್ರತಿ ಸಲವೂ ಗುಂಪುಗೂಡಿ ಮಾತಾಡಿಕೊಳ್ಳುವ ಪದ್ಧತಿಯನ್ನೂ ಬಿಟ್ಟರು. ಎದುರಾಳಿಗಳಿಗೆ ಉಸಿರು ತೆಗೆದುಕೊಳ್ಳಲೂ ಸಮಯ ಇಲ್ಲ! ಚೆಂಡು ಎಸೆಯುತ್ತಿದ್ದವನು ವಿಲ್ಲಿ ಟಾಟನ್.

1983ರಲ್ಲಿ ಸದರ್ನ್ ಯೂನಿವರ್ಸಿಟಿ ವಿರುದ್ಧ ಒಂದೇ ಪಂದ್ಯದಲ್ಲಿ ರೈಸ್ 24 ಪಾಸ್ ಹಿಡಿದ. 1984ರಲ್ಲಿ 103 ಕ್ಯಾಚ್, 1,682 ಗಜ, 27 ಟಚ್‌ಡೌನ್. ಆ ವರ್ಷ ಟಾಟನ್ ಎಸೆದ ಟಚ್‌ಡೌನ್ ಪಾಸ್‌ಗಳು 56. ತಂಡದ ಸರಾಸರಿ ಪಂದ್ಯಕ್ಕೆ 60 ಅಂಕಕ್ಕೂ ಮೇಲೆ. ಕೆಂಟಕಿ ಸ್ಟೇಟ್ ವಿರುದ್ಧ ಅಂತೂ 86-0! ನವೆಂಬರ್‌ನಲ್ಲಿ ಆಲ್ಕಾರ್ನ್ ಸ್ಟೇಟ್ ಜೊತೆಗಿನ ಪಂದ್ಯವನ್ನು ಜ್ಯಾಕ್ಸನ್ ನಗರದ ದೊಡ್ಡ ಸ್ಟೇಡಿಯಂಗೆ ಸಾಗಿಸಬೇಕಾಯಿತು. ಅರವತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ವ್ಯಾಲಿ ತಂಡ 42-28ರಿಂದ ಸೋತಿತು, ಅದು ಬೇರೆ ಮಾತು.

ಇಷ್ಟಾದರೂ ಅನುಮಾನ ಹೋಗಲಿಲ್ಲ. ಇದೆಲ್ಲ ಎರಡನೇ ದರ್ಜೆಯ ವಿಭಾಗದ ಆಟ, ಎದುರಾಳಿಗಳು ದುರ್ಬಲರು, ಅಷ್ಟು ಸಲ ಎಸೆದರೆ ಯಾರಾದರೂ ಹಿಡಿಯುತ್ತಾರೆ... ಈ ವಾದ ಪೂರ್ತಿ ಸುಳ್ಳೂ ಅಲ್ಲ. ಆ ವರ್ಷದ ನಾಕೌಟ್ ಸುತ್ತಿನಲ್ಲಿ ಲೂಸಿಯಾನಾ ಟೆಕ್ ಇದೇ ತಂಡವನ್ನು 66-19ರಿಂದ ಬಡಿದು ಮನೆಗೆ ಕಳಿಸಿತ್ತು. 1985ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವಾಗ ರೈಸ್‌ಗಿಂತ ಮುಂಚೆ ಇಬ್ಬರು ರಿಸೀವರ್‌ಗಳು ಆಯ್ಕೆಯಾದರು. 16ನೆಯವನಾಗಿ ಅವನನ್ನು ಆರಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋ ತಂಡ. ಅದರ ಕೋಚ್ ಬಿಲ್ ವಾಲ್ಶ್ ಹಿಂದಿನ ವರ್ಷ ಹ್ಯೂಸ್ಟನ್‌ನ ಹೋಟೆಲಿನಲ್ಲಿ ಟಿವಿ ನೋಡುವಾಗ ಈ ಹುಡುಗನ ಆಟ ಕಂಡಿದ್ದರು.

ಮುಂದಿನದು ನಿಮಗೆ ಗೊತ್ತಿರಬಹುದು. ರೈಸ್ 2005ರಲ್ಲಿ ನಿವೃತ್ತನಾಗುವ ಹೊತ್ತಿಗೆ 1,549 ಕ್ಯಾಚ್, 22,895 ಗಜ. ವೃತ್ತಿಪರ ಆಟದಲ್ಲಿ ಅವನ ನಂತರದ ಸ್ಥಾನದಲ್ಲಿರುವ ಲ್ಯಾರಿ ಫಿಟ್ಜ್‌ಜೆರಾಲ್ಡ್‌ನದು 17,492 ಗಜ. ಐದು ಸಾವಿರ ಗಜಕ್ಕೂ ಮೀರಿದ ಅಂತರ!

ಹಾಗಾದರೆ ಅನುಮಾನಪಟ್ಟವರದೇ ತಪ್ಪು ಅನ್ನೋಣವೇ? ಸ್ವಲ್ಪ ತಾಳಿ. ಅದೇ ಮೈದಾನ, ಅದೇ ಕೋಚ್, ಅದೇ ಎದುರಾಳಿಗಳ ವಿರುದ್ಧ 56 ಟಚ್‌ಡೌನ್ ಎಸೆದ ಟಾಟನ್ ವೃತ್ತಿಪರ ಲೀಗಿನಲ್ಲಿ ಆಡಿದ್ದು 1987ರಲ್ಲಿ ಆಟಗಾರರು ಮುಷ್ಕರ ಹೂಡಿದಾಗ, ಬದಲಿಯಾಗಿ, ಕೆಲವೇ ದಿನ. ನಂತರ ತನ್ನ ಕಾಲೇಜಿಗೇ ಮರಳಿ ಕೋಚ್ ಆದ. ಒಂದೇ ಚೆಂಡಿನ ಎರಡು ತುದಿಯಲ್ಲಿದ್ದವರು, ಒಬ್ಬನನ್ನು ಜಗತ್ತು ನೋಡಿತು, ಇನ್ನೊಬ್ಬನನ್ನು ಮರೆಯಿತು.

ನನಗೆ ಅನಿಸುವುದು ಇಷ್ಟು. ಅಂಕಿಅಂಶ ನೋಡಿ ಒಬ್ಬನನ್ನು ಮೇಲಕ್ಕೆತ್ತುವುದೂ ಅವಸರ, ಊರಿನ ಹೆಸರು ಕೇಳಿ ತಳ್ಳಿಹಾಕುವುದೂ ಅವಸರ. ಯಾರಾದರೂ ಕೂತು ನೋಡಬೇಕು. ರೈಸ್‌ನನ್ನು ಒಬ್ಬರಾದರೂ ನೋಡಿದರು. ಅದೇ ಊರು, ಅಂಥದ್ದೇ ಕಾಲೇಜು ಎನ್ನುವ ಕಾರಣಕ್ಕೆ ಯಾರೂ ನೋಡದೇ ಹೋದವರು ಎಷ್ಟು ಜನರೋ, ಅವರ ಲೆಕ್ಕ ಯಾವ ದಾಖಲೆ ಪುಸ್ತಕದಲ್ಲೂ ಇಲ್ಲ.

ಅಂದ ಹಾಗೆ, ರೈಸ್‌ನ ಕಾಲೇಜು ದಾಖಲೆಗಳಲ್ಲಿ ಹಲವು ಈಗ ಅವನ ಹೆಸರಿನಲ್ಲಿಲ್ಲ. ಆದರೆ ಇಟ್ಟಾ ಬೇನಾದವರಿಗೆ ಅದರ ಚಿಂತೆ ಇದ್ದಂತಿಲ್ಲ. 1999ರಲ್ಲಿ ತಮ್ಮ ಮೈದಾನಕ್ಕೆ ಅವರು ಇಟ್ಟ ಹೆಸರು ರೈಸ್-ಟಾಟನ್ ಸ್ಟೇಡಿಯಂ. ಎಸೆದವನ ಹೆಸರನ್ನೂ ಬಿಡಲಿಲ್ಲ ನೋಡಿ!