ಗಣಕೀಕೃತ ದಾಖಲೆಗಳ ಬ್ಯಾಕಪ್: ಸ್ಥಳಾವಕಾಶ ಕಡಿಮೆ ಇರುವಲ್ಲಿ ವೇಳಾಪಟ್ಟಿ

ಸಾರ್ವಜನಿಕರು ಸಲ್ಲಿಸುವ ಅರ್ಜಿ, ಪಾವತಿಸುವ ಶುಲ್ಕ ಹಾಗೂ ಪಡೆಯುವ ಪ್ರಮಾಣಪತ್ರಗಳ ವಿವರಗಳು ಕಚೇರಿಯ ಡೇಟಾಬೇಸ್‌ನಲ್ಲಿ ದಾಖಲಾಗುತ್ತವೆ. ‘ಭೂಮಿ’ ಯೋಜನೆಯಡಿ ಪಹಣಿಗಳು ಗಣಕೀಕೃತಗೊಂಡ ನಂತರ ಕೈಬರಹದ ಪಹಣಿ ನೀಡುವ ಪದ್ಧತಿ ನಿಂತಿದೆ. ಇಂತಹ ಸೇವೆಗಳಲ್ಲಿ ಡಿಸ್ಕ್ ಕೆಟ್ಟರೆ ಆಧಾರವಾಗುವುದು ಬ್ಯಾಕಪ್ ಪ್ರತಿಯೇ. ಅದನ್ನು ಹೇಗೆ ಯೋಜಿಸಲಾಗುತ್ತದೆ ಎಂಬುದನ್ನು ಅರ್ಜಿದಾರರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಬ್ಯಾಕಪ್‌ನ ವಿಧಗಳು

ಪೂರ್ಣ ಬ್ಯಾಕಪ್ ಎಂದರೆ ಇಡೀ ಡೇಟಾಬೇಸ್‌ನ ಪ್ರತಿ. ಹಿಂದಿನ ಪೂರ್ಣ ಬ್ಯಾಕಪ್‌ನ ನಂತರ ಬದಲಾದದ್ದೆಲ್ಲವನ್ನೂ ಒಳಗೊಂಡಿರುವುದು ಡಿಫರೆನ್ಷಿಯಲ್. ಹಿಂದಿನ ಯಾವುದೇ ಬ್ಯಾಕಪ್‌ನ ನಂತರ ಬದಲಾದದ್ದನ್ನು ಮಾತ್ರ ಒಳಗೊಂಡಿರುವುದು ಇನ್‌ಕ್ರಿಮೆಂಟಲ್. ಇದು ಚಿಕ್ಕದು, ಆದರೆ ಸರಪಳಿಯ ಒಂದು ಕೊಂಡಿ ಕೆಟ್ಟರೆ ಅದರ ನಂತರದವು ಉಪಯೋಗಕ್ಕೆ ಬಾರವು.

ಸ್ಥಳಾವಕಾಶದ ಲೆಕ್ಕ

ಉದಾಹರಣೆಗೆ, ಡೇಟಾಬೇಸ್ 40 ಜಿ.ಬಿ., ದಿನಕ್ಕೆ ಬದಲಾಗುವ ದತ್ತಾಂಶ 2 ಜಿ.ಬಿ., ಬ್ಯಾಕಪ್‌ಗೆಂದೇ ಇರುವ ಪ್ರತ್ಯೇಕ ಡಿಸ್ಕ್ 160 ಜಿ.ಬಿ. ಎಂದಿಟ್ಟುಕೊಳ್ಳೋಣ. ಪ್ರತಿದಿನ ಪೂರ್ಣ ಬ್ಯಾಕಪ್ ತೆಗೆದರೆ ವಾರಕ್ಕೆ 280 ಜಿ.ಬಿ. ಬೇಕು, ಇದು ಸಾಧ್ಯವಿಲ್ಲ. ಭಾನುವಾರ ಪೂರ್ಣ, ಉಳಿದ 6 ದಿನ ಡಿಫರೆನ್ಷಿಯಲ್ ಎಂದಾದರೆ ಅವು 2, 4, 6 ಹೀಗೆ 12 ಜಿ.ಬಿ.ವರೆಗೆ ಬೆಳೆದು, ವಾರದ ಒಟ್ಟು ಮೊತ್ತ 82 ಜಿ.ಬಿ. ಆಗುತ್ತದೆ. ಇನ್‌ಕ್ರಿಮೆಂಟಲ್ ಆದರೆ 52 ಜಿ.ಬಿ. ಸಾಕು.

ಇಲ್ಲಿ ಒಂದು ಅಂಶವನ್ನು ಮರೆಯುವುದು ಸಾಮಾನ್ಯ. ಹೊಸ ಪೂರ್ಣ ಪ್ರತಿ ಸಿದ್ಧವಾಗಿ, ಪರಿಶೀಲನೆಗೊಳ್ಳುವವರೆಗೆ ಹಳೆಯದನ್ನು ಅಳಿಸತಕ್ಕದ್ದಲ್ಲ. ಆದ್ದರಿಂದ ಇನ್ನೂ 40 ಜಿ.ಬಿ. ಸದಾ ಖಾಲಿ ಇರಬೇಕು. ಅದನ್ನು ಸೇರಿಸಿದರೆ 1 ವಾರದ ಡಿಫರೆನ್ಷಿಯಲ್‌ಗೆ 122, 2 ವಾರಗಳ ಇನ್‌ಕ್ರಿಮೆಂಟಲ್‌ಗೆ 144 ಜಿ.ಬಿ. ಬೇಕು. ಎರಡೂ ಹಿಡಿಸುತ್ತವೆ. ಸಿಬ್ಬಂದಿ ಕಡಿಮೆ ಇರುವ ಕಚೇರಿಗೆ ಮೊದಲನೆಯದೇ ಲೇಸು: ಮರುಸ್ಥಾಪನೆಗೆ 2 ಕಡತಗಳು ಸಾಕಾಗುತ್ತವೆ. ಆದರೆ 10 ದಿನಗಳ ನಂತರ ಪತ್ತೆಯಾಗುವ ತಪ್ಪು ಅಳಿಸುವಿಕೆಗೆ ಅದು ನೆರವಾಗದು. ಅದಕ್ಕಾಗಿ ತಿಂಗಳಿಗೊಂದು ಪೂರ್ಣ ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇರಿಸುವುದು ಅಗತ್ಯ.

ಉಳಿದ ಸ್ಥಳ ವಹಿವಾಟು ಲಾಗ್‌ಗಳಿಗೆ. ಇವುಗಳನ್ನು 15 ನಿಮಿಷಕ್ಕೊಮ್ಮೆ ಬೇರೆ ಯಂತ್ರಕ್ಕೆ ನಕಲಿಸಿದಲ್ಲಿ, ನಷ್ಟವೂ ಹೆಚ್ಚುಕಡಿಮೆ ಅಷ್ಟೇ ಅವಧಿಗೆ ಸೀಮಿತವಾಗುತ್ತದೆ.

ಮರುಸ್ಥಾಪನೆಯ ಪರೀಕ್ಷೆ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮುಖ್ಯ ಡೇಟಾಬೇಸ್ ಕಣ್ತಪ್ಪಿನಿಂದ ಅಳಿಸಿಹೋಯಿತು. ನಿತ್ಯದ ಬ್ಯಾಕಪ್ ಕೆಲಸ ಆವೃತ್ತಿ ವ್ಯತ್ಯಾಸದಿಂದ ವಿಫಲವಾಗುತ್ತಿದ್ದುದು ಅಂದೇ ತಿಳಿಯಿತು. ಎಚ್ಚರಿಕೆಯ ಇ-ಮೇಲ್‌ಗಳೂ ತಲುಪುತ್ತಿರಲಿಲ್ಲ. ಸುಮಾರು 6 ಗಂಟೆ ಹಿಂದಿನ, ಆಕಸ್ಮಿಕವಾಗಿ ತೆಗೆದಿದ್ದ ಪ್ರತಿಯಿಂದ ದತ್ತಾಂಶವನ್ನು ಮರಳಿ ಪಡೆಯಲಾಯಿತು. ವೇಳಾಪಟ್ಟಿ ಇದ್ದ ಮಾತ್ರಕ್ಕೆ ಬ್ಯಾಕಪ್ ಇದೆಯೆಂದು ಭಾವಿಸುವಂತಿಲ್ಲ. ನಿಯತವಾಗಿ ಬೇರೆ ಯಂತ್ರದಲ್ಲಿ ಮರುಸ್ಥಾಪಿಸಿ ನೋಡತಕ್ಕದ್ದು.

ಅರ್ಜಿದಾರರ ಗಮನಕ್ಕೆ

ಕೊನೆಯ ಬ್ಯಾಕಪ್‌ನ ನಂತರ ಸಲ್ಲಿಕೆಯಾದ ಅರ್ಜಿ ಮರುಸ್ಥಾಪನೆಯಲ್ಲಿ ಬಾರದಿರಬಹುದು. ಆಗ ಸಲ್ಲಿಕೆಯ ದಿನಾಂಕ ಹಾಗೂ ಸಮಯಕ್ಕೆ ಪುರಾವೆಯಾಗಿ ತಮ್ಮ ಕೈಯಲ್ಲಿರುವುದು ಸ್ವೀಕೃತಿ ಪತ್ರ ಮತ್ತು ಶುಲ್ಕದ ರಸೀದಿ. ಸೇವೆ ದೊರೆಯುವವರೆಗೆ ಇವುಗಳನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. ಅರ್ಜಿ ದಾಖಲಾಗಿಲ್ಲವೆಂದು ತಿಳಿಸಿದಲ್ಲಿ, ಮರಳಿ ಶುಲ್ಕ ಪಾವತಿಸುವ ಮುನ್ನ ಇವುಗಳ ನಕಲನ್ನು ಲಗತ್ತಿಸಿ ಲಿಖಿತ ಮನವಿ ಸಲ್ಲಿಸುವುದು.